ಒರೆಸಿದ್ರೂ ಹೋಗದ ಕಲೆ

ನನ್ನ ರೂಮಿನ ಗೋಡೆ ಮೇಲೆ ಒಂದು ದಪ್ಪ ಹಾಳೆ ಅಂಟಿಸಿ ಇವತ್ತಿಗೆ 26 ದಿನ ಆಯ್ತು. ಅದರ ಮುಂದೆ ನಾಲ್ಕಡಿ ದೂರದಲ್ಲಿ ಟ್ರೈಪಾಡು, ಟ್ರೈಪಾಡ್ ಮೇಲೆ ಫೋನು. ಇದ್ದಿಲು ಕಡ್ಡಿಯಲ್ಲಿ ಒಂದು ಗೆರೆ ಎಳೀತೀನಿ, ಹಿಂದಕ್ಕೆ ಬಂದು ಫೋಟೊ ತೆಗೀತೀನಿ, ಮತ್ತೆ ಹೋಗಿ ಅದೇ ಗೆರೇನ ಒಂದು ಚೂರು ಒರೆಸಿ ಪಕ್ಕದಲ್ಲಿ ಎಳೀತೀನಿ, ಮತ್ತೆ ಹಿಂದಕ್ಕೆ ಬರ್ತೀನಿ. ಹೀಗೆ 12 ಸಲ ಓಡಾಡಿದ್ರೆ ಒಂದು ಸೆಕೆಂಡ್ ಆಗುತ್ತೆ. ನಾನು ಮಾಡ್ತಿರೋದು 40 ಸೆಕೆಂಡಿನ ಫಿಲ್ಮು, ಅಂದ್ರೆ 480 ಸಲ. ಕೆಳಗಡೆ ಮನೆ ಆಂಟಿ ಮೊದಲನೇ ವಾರವೇ ಮೇಲೆ ಬಂದು ರಾತ್ರಿ ಹೊತ್ತು ಯಾಕಮ್ಮ ಇಷ್ಟು ಓಡಾಡ್ತೀಯ, ನಿದ್ದೆ ಬರಲ್ವಾ ಅಂತ ಕೇಳಿದ್ರು. ಹಗಲು ಒಂದು ಪ್ರಿಂಟಿಂಗ್ ಪ್ರೆಸ್ಸಲ್ಲಿ ಮದುವೆ ಕಾರ್ಡು, ಫ್ಲೆಕ್ಸು, ಬಿಲ್ ಬುಕ್ಕು ಅಂತ ಡಿಸೈನ್ ಕೆಲಸ ಮಾಡ್ತೀನಿ, ಹಾಗಾಗಿ ಇದಕ್ಕೆ ಉಳಿಯೋದು ರಾತ್ರಿನೇ, ಅದೂ ಅಲ್ದೆ ಹಗಲಾದ್ರೆ ಕಿಟಕಿ ಬೆಳಕು ಹತ್ತು ನಿಮಿಷಕ್ಕೊಂದು ಥರ ಇರುತ್ತೆ, ಆಮೇಲೆ ಪ್ಲೇ ಮಾಡಿದಾಗ ಇಡೀ ಚಿತ್ರ ಜ್ವರ ಬಂದ ಹಾಗೆ ನಡುಗುತ್ತೆ. ರಾತ್ರಿ ಒಂದೇ ಬಲ್ಬು, ಪರದೆ ಮುಚ್ಚಿ, ಫ್ಯಾನ್ ಆಫ್ ಮಾಡಿ. ಮೈಸೂರಿನ ಸೆಖೆ ಏನೂ ದೊಡ್ಡದಲ್ಲ ಅಂತಾರಲ್ಲ, ಏಪ್ರಿಲಲ್ಲಿ ಫ್ಯಾನ್ ಆಫ್ ಮಾಡಿ ಕೂತು ನೋಡ್ಬೇಕು.

ಏನ್ ಮಾಡ್ತಿದೀಯ ಅಂತ ಯಾರಾದ್ರೂ ಕೇಳಿದ್ರೆ ಆನಿಮೇಷನ್ ಅಂತೀನಿ, ತಕ್ಷಣ ಓ ಕಾರ್ಟೂನಾ ಅಂತಾರೆ. ಮನೆಯವರು ಹಾಗಂದ್ರೆ ನಂಗೇನೂ ಬೇಜಾರಿಲ್ಲ, ಅವರು ಟಿವಿಲಿ ನೋಡಿರೋದೇ ಅದು. ಆದ್ರೆ ನಾನು ಪೇಂಟಿಂಗ್ ಓದ್ತಿದ್ದಾಗ ಒಬ್ರು ಮೇಷ್ಟ್ರಿದ್ರು, ನಾನು ಕೊನೇ ವರ್ಷಕ್ಕೆ ಒಂದು ಸಣ್ಣ ಆನಿಮೇಷನ್ ಮಾಡ್ತೀನಿ ಅಂದಾಗ ಇದು ಕಲೆ ವಿಭಾಗಕ್ಕೆ ಬರಲ್ಲ, ಮಕ್ಕಳ ಮನರಂಜನೆಗೆ ಬರುತ್ತೆ, ಕ್ಯಾನ್ವಾಸ್ ಮೇಲೆ ಏನಾದ್ರೂ ಸೀರಿಯಸ್ ಆಗಿ ಮಾಡು ಅಂದ್ಬಿಟ್ರು. ಅವತ್ತು ವಾದ ಮಾಡೋಕೆ ನನ್ನ ಹತ್ರ ಮಾತಿರ್ಲಿಲ್ಲ. ಇವತ್ತು ಇದೆ, ಅದಕ್ಕೇ ಇಷ್ಟುದ್ದ ಬರೀತಿದೀನಿ. ಮೊದಲನೇದಾಗಿ ಕಾರ್ಟೂನ್ ಅನ್ನೋ ಪದಾನ ಮೈಸೂರಲ್ಲಿ ನಿಂತ್ಕೊಂಡು ಹಗುರವಾಗಿ ಹೇಳೋದು ನಂಗೆ ಸರಿಬರಲ್ಲ, ಆರ್‌.ಕೆ. ಲಕ್ಷ್ಮಣ್ 1921ರಲ್ಲಿ ಹುಟ್ಟಿದ್ದು ಈ ಊರಲ್ಲೇ, ಮಹಾರಾಜ ಕಾಲೇಜಲ್ಲೇ ಓದಿದ್ದು, ಒಂದೇ ಒಂದು ಕಾಲಂ ಜಾಗದಲ್ಲಿ ಕೋಟು ಹಾಕ್ಕೊಂಡಿರೋ ಒಬ್ಬ ಮುದುಕನ್ನ ಸುಮ್ನೆ ನಿಲ್ಲಿಸಿ ದಶಕಗಟ್ಟಲೆ ಸರ್ಕಾರಗಳ ಕಡೆ ನೋಡೋ ಹಾಗೆ ಮಾಡಿದ್ರು. ಆ ಮುದುಕ ಒಂದು ಮಾತೂ ಆಡಲ್ಲ. ನೋಡ್ತಾನೆ ಅಷ್ಟೆ. ಅದಕ್ಕಿಂತ ಸೀರಿಯಸ್ ಏನಿದೆ.

ನಂಗೆ ಕಣ್ಣು ಬಿಡಿಸಿದ್ದು ಕೊಚ್ಚಿ. 2018ರ ಡಿಸೆಂಬರಲ್ಲಿ ಶುರುವಾಗಿ 2019ರ ಮಾರ್ಚ್ ತನಕ ನಡೆದ ಕೊಚ್ಚಿ-ಮುಜಿರಿಸ್ ಬಿಯೆನಾಲೆಗೆ, ಅಂದ್ರೆ ಎರಡು ವರ್ಷಕ್ಕೊಂದ್ಸಲ ನಡೆಯೋ ದೊಡ್ಡ ಕಲಾ ಪ್ರದರ್ಶನಕ್ಕೆ, ನಾವು ನಾಲ್ಕು ಜನ ರಾತ್ರಿ ಬಸ್ ಹತ್ತಿ ಹೋಗಿದ್ವಿ. ಅಲ್ಲೊಂದು ಹಳೇ ಗೋಡೌನು, ಒಳಗೆ ಕತ್ತಲೆ, ಎಂಟು ಸ್ಕ್ರೀನು ಸಾಲಾಗಿ ನಿಲ್ಲಿಸಿದಾರೆ, ಅದರ ಮೇಲೆ ಒಂದು ಮೆರವಣಿಗೆ ಹೋಗ್ತಿದೆ. ದಕ್ಷಿಣ ಆಫ್ರಿಕಾದ ವಿಲಿಯಂ ಕೆಂಟ್ರಿಜ್ ಅನ್ನೋ ಕಲಾವಿದರ ಕೆಲಸ. ಹಿಂದೆ ಇದ್ದಿಲಲ್ಲಿ ಬರೆದ ಬಯಲು, ಆ ಬಯಲು ತಾನೇ ಬರೆದುಕೊಂಡು ಅಳಿಸಿಕೊಂಡು ಸಾಗ್ತಾ ಇರುತ್ತೆ, ಮುಂದೆ ಜನರ ನೆರಳುಗಳು, ವಾಲಗದವರ ಥರ ಒಂದು ಬ್ರಾಸ್ ಬ್ಯಾಂಡು, ಡ್ರಿಪ್ ಸ್ಟ್ಯಾಂಡ್ ಎಳ್ಕೊಂಡು ಹೋಗೋ ಕಾಯಿಲೆಯವರು, ಹೊರೆ ಹೊತ್ತವರು, ಕೊನೆಯಲ್ಲಿ ಕೈಲಿ ಬಂದೂಕು ಹಿಡಿದು ಕುಣಿಯೋ ಒಬ್ಬಳು ಹುಡುಗಿ. ನಾನು ನೆಲದ ಮೇಲೆ ಕೂತ್ಬಿಟ್ಟೆ. ಯಾಕಂದ್ರೆ ನಂಗೆ ಮೆರವಣಿಗೆ ಅಂದ್ರೆ ಜಂಬೂಸವಾರಿ. ಚಿಕ್ಕವಳಿದ್ದಾಗಿಂದ ಸಯ್ಯಾಜಿರಾವ್ ರಸ್ತೇಲಿ ಅಪ್ಪನ ಹೆಗಲ ಮೇಲೆ ಕೂತು ನೋಡಿದ್ದು, ಅಂಬಾರಿ, ಆನೆ, ಸ್ತಬ್ಧಚಿತ್ರ, ಒಂದೊಂದು ಜಿಲ್ಲೇದೂ ಒಂದೊಂದು ಹೆಮ್ಮೆ. ಅದರಲ್ಲಿ ಯಾವತ್ತೂ ಡ್ರಿಪ್ ಹಾಕ್ಕೊಂಡವರು ಬಂದಿದ್ದು ನೋಡಿಲ್ಲ. ಮೆರವಣಿಗೇಲಿ ಯಾರಿರ್ತಾರೆ, ಯಾರು ಬ್ಯಾರಿಕೇಡ್ ಆಚೆ ನಿಂತಿರ್ತಾರೆ ಅಂತ ನಂಗೆ ಅಲ್ಲೀತನಕ ಪ್ರಶ್ನೆನೇ ಬಂದಿರ್ಲಿಲ್ಲ. ಯಾವ ಭಾಷಣನೂ ಇಲ್ದೆ, ಯಾವ ಬೋರ್ಡೂ ಇಲ್ದೆ, ಬರೀ ನೆರಳು ನಡೆಯೋದು ನೋಡಿ ನನ್ನೂರಿನ ಹಬ್ಬದ ಬಗ್ಗೆ ಪ್ರಶ್ನೆ ಹುಟ್ತು.

ಬಂದಮೇಲೆ ಅವರ ಬಗ್ಗೆ ಸಿಕ್ಕಿದ್ದೆಲ್ಲ ಓದ್ದೆ, ನೋಡ್ದೆ. 1955ರಲ್ಲಿ ಜೊಹಾನ್ಸ್‌ಬರ್ಗಲ್ಲಿ ಹುಟ್ಟಿದವರು, ಅಪ್ಪ ಸಿಡ್ನಿ ಕೆಂಟ್ರಿಜ್ ವಕೀಲರು, ಮಂಡೇಲಾ ಪರ ವಾದ ಮಾಡಿದವರಲ್ಲಿ ಒಬ್ರು. ಮಗ 1989ರಿಂದ ಇದ್ದಿಲಲ್ಲಿ ಸಣ್ಣ ಸಣ್ಣ ಫಿಲ್ಮ್ ಮಾಡೋಕೆ ಶುರು ಮಾಡಿದ್ರು. ಸಾಮಾನ್ಯ ಆನಿಮೇಷನಲ್ಲಿ ಒಂದೊಂದು ಫ್ರೇಮಿಗೂ ಒಂದೊಂದು ಹೊಸ ಹಾಳೆ, ಸಾವಿರಾರು ಹಾಳೆ ಬೇಕು. ಇವರದ್ದು ಹಾಗಲ್ಲ, ಒಂದು ದೃಶ್ಯಕ್ಕೆ ಒಂದೇ ಹಾಳೆ, ಅದರ ಮೇಲೇ ಅಳಿಸಿ ಅಳಿಸಿ ಬರೆಯೋದು, ಕ್ಯಾಮೆರಾದಿಂದ ಹಾಳೆಗೆ ಹಾಳೆಯಿಂದ ಕ್ಯಾಮೆರಾಗೆ ನಡೀತಾನೇ ಇರೋದು. ಇಡೀ ಫಿಲ್ಮಿಗೆ ಕೆಲವೇ ಹತ್ತಾರು ಹಾಳೆ. ಇದ್ದಿಲು ಪೂರ್ತಿ ಅಳಿಯಲ್ಲ, ಎಷ್ಟು ಉಜ್ಜಿದ್ರೂ ಒಂದು ಬೂದು ಮಸಿ ಉಳ್ಕೊಳುತ್ತೆ. ಹಾಗಾಗಿ ಅವರ ಫಿಲ್ಮಲ್ಲಿ ಒಬ್ಬ ಮನುಷ್ಯ ನಡೆದ್ರೆ ಅವನ ಹಿಂದೆ ಅವನು ಎಲ್ಲೆಲ್ಲಿ ಇದ್ದನೋ ಅಲ್ಲೆಲ್ಲ ಒಂದು ಗುರುತು ಹಿಂಬಾಲಿಸ್ತಾ ಬರುತ್ತೆ. ವರ್ಣಭೇದ ನೀತಿ ನಡೆಸಿ ತಾನೇನೂ ಮಾಡೇ ಇಲ್ಲ ಅನ್ನೋ ಹಾಗೆ ಇರೋಕೆ ನೋಡ್ತಿದ್ದ ಒಂದು ದೇಶಕ್ಕೆ ಇದಕ್ಕಿಂತ ಸರಿಯಾದ ಮಾಧ್ಯಮ ಯಾವುದಿತ್ತು ಹೇಳಿ.

ಅವರ 1991ರ ಒಂದು ಫಿಲ್ಮಿದೆ, ಗಣಿ ಮಾಲೀಕನೊಬ್ಬ ಹಾಸಿಗೆ ಮೇಲೆ ಕೂತು ಕಾಫಿ ಮಾಡ್ಕೋತಾ ಇರ್ತಾನೆ, ನಮ್ಮ ಫಿಲ್ಟರ್ ಥರ ಅಲ್ಲ, ಗಾಜಿನ ಜಗ್ಗು, ಮೇಲಿಂದ ಒತ್ತೋ ಕಡ್ಡಿ ಇರುತ್ತಲ್ಲ ಅದು. ಅವನು ಕಡ್ಡಿ ಒತ್ತುತಾನೆ. ಅದು ಜಗ್ಗಿನ ತಳಕ್ಕೆ ನಿಲ್ಲಲ್ಲ, ತಟ್ಟೆ ದಾಟಿ, ಹಾಸಿಗೆ ದಾಟಿ, ನೆಲ ಕೊರೆದು ಕೆಳಗೆ ಕೆಳಗೆ ಹೋಗಿ ಗಣಿ ಸುರಂಗಕ್ಕೆ ಇಳಿಯುತ್ತೆ, ಅಲ್ಲಿ ಸಾಲಾಗಿ ಮಲಗಿರೋ ಕಾರ್ಮಿಕರು, ಬಂಡೆ ಕೊರೆಯೋರು. ಬೆಳಗಿನ ಕಾಫಿಗೂ ಭೂಮಿ ಕೆಳಗಿರೋ ಆ ದೇಹಗಳಿಗೂ ಏನು ಸಂಬಂಧ ಅಂತ ಯಾವ ಡಾಕ್ಯುಮೆಂಟರಿಯವರಾದ್ರೂ ಹತ್ತು ನಿಮಿಷ ಮಾತಾಡ್ಬೇಕು. ಇಲ್ಲಿ ಒಂದು ಕೈ ಒತ್ತಿತು, ಅಷ್ಟೆ. ಕ್ಯಾಮೆರಾ ಹಾಸಿಗೇಲಿ ಇರಬಹುದು ಇಲ್ಲಾ ಗಣೀಲಿ ಇರಬಹುದು, ನಡುವೆ ಇರೋ ನೆಲದೊಳಗೆ ಹೋಗೋಕಾಗಲ್ಲ. ಗೆರೆ ಹೋಗುತ್ತೆ.

ಈಗ ನನ್ನ ಹಾಳೆ ವಿಷಯಕ್ಕೆ ಬರ್ತೀನಿ.

2023ರ ಕೊನೇಲಿ ಬೆಂಗಳೂರಿನ ಪೊಲೀಸರು ಒಂದು ಭ್ರೂಣಹತ್ಯೆ ಜಾಲ ಹಿಡಿದಿದ್ದು ನಿಮಗೆಲ್ಲ ನೆನಪಿರುತ್ತೆ. ಮಂಡ್ಯದ ಒಂದು ಆಲೆಮನೇಲಿ ಸ್ಕ್ಯಾನಿಂಗ್ ಮಷಿನ್ ಇಟ್ಕೊಂಡು ಹೊಟ್ಟೇಲಿರೋದು ಗಂಡೋ ಹೆಣ್ಣೋ ನೋಡ್ತಿದ್ರು, ಹೆಣ್ಣು ಅಂತಾದ್ರೆ ಮುಂದಿನ ಕೆಲಸ ಬೇರೆ ಕಡೆ, ಮೈಸೂರಲ್ಲೂ. ಅದನ್ನ ಓದಿದ ರಾತ್ರಿ ನಂಗೆ ಊಟ ಸೇರ್ಲಿಲ್ಲ. 1994ರಲ್ಲೇ ಇದರ ವಿರುದ್ಧ ಕಾನೂನು ಬಂದಿದೆ, ಯಾವ ಸ್ಕ್ಯಾನಿಂಗ್ ಸೆಂಟರಿಗೆ ಹೋದ್ರೂ ಇಲ್ಲಿ ಭ್ರೂಣಲಿಂಗ ಪತ್ತೆ ಮಾಡುವುದಿಲ್ಲ ಅಂತ ಬೋರ್ಡು ಹಾಕಿರ್ತಾರೆ, ನಾನೇ ಪ್ರೆಸ್ಸಲ್ಲಿ ಆ ಬೋರ್ಡಿನ ಸ್ಟಿಕ್ಕರ್ ಡಿಸೈನ್ ಮಾಡಿದೀನಿ, ಕೆಂಪು ಅಕ್ಷರ, ಹಳದಿ ಹಿನ್ನೆಲೆ. ನಂಗೆ ತಡ್ಕೊಳೋಕಾಗದೇ ಇದ್ದಿದ್ದು ಆಲೆಮನೆ ಅನ್ನೋ ಪದ. ನಾನು ಬೆಳೆದಿದ್ದು ಪಾಂಡವಪುರದ ಕಡೆ ದೊಡ್ಡಮ್ಮನ ಮನೇಲಿ, ದೊಡ್ಡಪ್ಪಂದೇ ಒಂದು ಸಣ್ಣ ಆಲೆಮನೆ ಇತ್ತು. ನಮಗೆ ಸಿಹಿ ಅಂದ್ರೆ ಆ ಜಾಗ. ಗಾಣದಿಂದ ಕಬ್ಬಿನ ಹಾಲು ಸುರಿಯೋದು, ಅದು ಕೊಪ್ಪರಿಗೇಲಿ ಕುದಿಯೋದು, ಒಲೆಗೆ ಒಣಗಿದ ರಚ್ಚು, ಅಂದ್ರೆ ಹಾಲು ಹಿಂಡಿದ ಕಬ್ಬಿನ ಸಿಪ್ಪೆ, ತುಂಬೋದು, ಸುಣ್ಣ ಹಾಕಿ, ಬೆಂಡೆ ಗಿಡದ ಲೋಳೆ ಹಾಕಿ ಮೇಲೆ ಬರೋ ಕೊಳೆನೆಲ್ಲ ಉದ್ದ ಸೌಟಲ್ಲಿ ತೆಗೆದು ತೆಗೆದು ಎಸೆಯೋದು, ಕೊನೆಗೆ ಪಾಕ ಬಂದಾಗ ಅಚ್ಚಿಗೆ ಸುರಿಯೋದು. ಮಕ್ಕಳು ನಾವು ಬಿಸಿ ಬೆಲ್ಲಕ್ಕೆ ಕಬ್ಬಿನ ಸಿಪ್ಪೆ ಅದ್ದಿ ನೆಕ್ತಾ ನಿಂತಿರ್ತಿದ್ವಿ. ಹಬ್ಬಕ್ಕೆ, ಬಾಣಂತಿಗೆ, ಮಗು ಹುಟ್ಟಿದ ಸುದ್ದಿಗೆ ಅಲ್ಲಿಂದಲೇ ಬೆಲ್ಲ ಹೋಗ್ತಿದ್ದಿದ್ದು.

ನಾನು ನೋಡಿದ ಟಿವಿ ಕ್ಲಿಪ್ಪುಗಳಲ್ಲಿ ಒಂದು ಶೆಡ್ಡು, ಹೊರಗಿನ ಗೋಡೆ, ಪೊಲೀಸ್ ಜೀಪು. ಅಷ್ಟೇ ಇರೋಕೆ ಸಾಧ್ಯ ಕೂಡ, ಯಾಕಂದ್ರೆ ಕ್ಯಾಮೆರಾ ಯಾವಾಗ್ಲೂ ಆಮೇಲೆ ಬರುತ್ತೆ. ನಡೆದಿದ್ದನ್ನ ಯಾರೂ ಶೂಟ್ ಮಾಡಿರಲ್ಲ, ಮಾಡಬಾರದು ಕೂಡ. ಈ ಕಷ್ಟ ಹೊಸದಲ್ಲ ಅನ್ನೋದು ನಂಗೆ ಆಮೇಲೆ ಗೊತ್ತಾಯ್ತು. 1915ರ ಮೇ 7ಕ್ಕೆ ಲೂಸಿಟಾನಿಯಾ ಅನ್ನೋ ದೊಡ್ಡ ಪ್ರಯಾಣಿಕರ ಹಡಗನ್ನ ಜರ್ಮನಿಯ ಸಬ್‌ಮರೀನು ಮುಳುಗಿಸಿತು, ಸತ್ತವರು ಸಾವಿರಕ್ಕೂ ಹೆಚ್ಚು. ಮುಳುಗೋದನ್ನ ತೆಗೆದ ಫಿಲ್ಮು ಇರ್ಲಿಲ್ಲ. ಅಮೆರಿಕದ ಪತ್ರಿಕಾ ಚಿತ್ರಕಾರ ವಿನ್ಸರ್ ಮೆಕೇ ಸುಮಾರು ಎರಡು ವರ್ಷ ಕೂತು 25,000 ಚಿತ್ರ ಬರೆದು 1918ರಲ್ಲಿ ಅದನ್ನ ಆನಿಮೇಷನ್ ಮಾಡಿದ್ರು. ನೂರು ವರ್ಷದ ಹಿಂದೆನೇ, ಮಕ್ಕಳ ಮನರಂಜನೆ ಅನ್ನೋ ಮಾತು ಇನ್ನೂ ಗಟ್ಟಿಯಾಗೋ ಮುಂಚೆ, ಒಬ್ಬ ಮನುಷ್ಯ ಕ್ಯಾಮೆರಾ ಇಲ್ಲದ ಕಡೆ ಸಾಕ್ಷಿ ಹೇಳೋಕೆ ಈ ಮಾಧ್ಯಮಾನ ಹಿಡ್ಕೊಂಡ. ಅದರಲ್ಲಿ ಯುದ್ಧಕ್ಕೆ ಜನರನ್ನ ಕೆರಳಿಸೋ ಉದ್ದೇಶನೂ ಇತ್ತು, ಅದನ್ನ ಮುಚ್ಚಿಡಲ್ಲ, ಆ ವಿಷಯಕ್ಕೆ ಮುಂದೆ ಬರ್ತೀನಿ.

ಏನು ಬರೀಬೇಕು ಅಂತ ತೀರ್ಮಾನ ಮಾಡೋಕೆ ನಂಗೆ ತಿಂಗಳುಗಟ್ಟಲೆ ಹಿಡೀತು. ಭ್ರೂಣ ಬರೆಯಲ್ಲ ಅನ್ನೋದು ಮೊದಲ ದಿನವೇ ಗೊತ್ತಿತ್ತು. ಹೆಂಗಸಿನ ಮುಖ ಬರೆಯಲ್ಲ ಅನ್ನೋದು ಆಮೇಲೆ ಗೊತ್ತಾಯ್ತು, ಮೂರು ಸಲ ಬರೆದು ನೋಡಿದ ಮೇಲೆ. ಮುಖ ಬಂದ ತಕ್ಷಣ ನೋಡೋರು ಅವಳ ಕಣ್ಣಲ್ಲಿ ತಪ್ಪು ಹುಡುಕ್ತಾರೆ, ಪಾಪ ಹುಡುಕ್ತಾರೆ, ಅವಳನ್ನ ಅಲ್ಲಿಗೆ ಕರ್ಕೊಂಡು ಬಂದವರು ಚಿತ್ರದಿಂದ ಆಚೆ ಉಳಿದುಬಿಡ್ತಾರೆ. ಅದಕ್ಕೆ ಬಾಗಿಲ ಹೊರಗೆ ಬಿಟ್ಟ ಚಪ್ಪಲಿ ಬರೆದೆ. ಹೆಂಗಸರದ್ದು ಒಂದೇ ಜೊತೆ, ಹಿಂಬದಿ ಸವೆದಿರೋದು. ಅದರ ಸುತ್ತ ಮೂರು ಜೊತೆ ಬೇರೆ, ಒಂದು ಗಂಡಸಿನ ಶೂ, ಒಂದು ವಯಸ್ಸಾದವರ ಹಳೇ ಕಾಲದ ಎಕ್ಕಡ, ಇನ್ನೊಂದು ಯಾರದ್ದೋ. ಯಾರು ಒತ್ತಾಯ ಮಾಡಿದ್ರು ಅಂತ ಹೇಳೋ ಅಗತ್ಯ ಬರ್ಲಿಲ್ಲ.

ಮೊದಲನೇ ಹಾಳೇಲಿ ಕೊಪ್ಪರಿಗೆ, ಅದರಿಂದ ಹಬೆ. ಹಬೆ ಮೇಲೇರ್ತಾ ಬೀಸಣಿಗೆ ಥರ ಅಗಲವಾಗುತ್ತೆ, ಸ್ಕ್ಯಾನಿಂಗ್ ಮಷಿನ್ ಪರದೆ ಮೇಲೆ ಬರುತ್ತಲ್ಲ ಆ ಆಕಾರ, ಕಪ್ಪು ಹಿನ್ನೆಲೆ, ಬೂದು ಬೂದು ಕಾಳುಕಾಳು. ಸ್ಕ್ಯಾನಿಂಗ್ ಚಿತ್ರ ನೋಡಿದವರಿಗೆ ಗೊತ್ತು, ಅದು ಥೇಟ್ ಇದ್ದಿಲ ಚಿತ್ರದ ಹಾಗೇ ಇರುತ್ತೆ. ನಾನು ಇದನ್ನ ಯೋಚ್ನೆ ಮಾಡಿ ಕಂಡುಹಿಡಿದಿದ್ದಲ್ಲ, ಹಬೆ ಬರೆಯೋವಾಗ ಅಂಗೈಯಲ್ಲಿ ಉಜ್ಜಿದೆ, ಆ ಆಕಾರ ಬಂತು, ಎದೆ ಧಸಕ್ ಅಂತು. ಎರಡನೇ ಹಾಳೆ ಚಪ್ಪಲೀದು. ಮೂರನೇದು, ಈಗ ಗೋಡೆ ಮೇಲಿರೋದು, ಅಂಗನವಾಡೀಲಿ ಸಾಲಾಗಿ ಕೂತ ಮಕ್ಕಳು, ಮುಂದೆ ತಟ್ಟೆ. ಏಳು ಮಕ್ಕಳು. ಮೂರನೇ ಮಗೂನ ಒರೆಸ್ತೀನಿ. ಉಳಿದವರು ಅಲ್ಲಾಡ್ತಾರೆ, ಉಣ್ತಾರೆ, ಒಬ್ಬ ಪಕ್ಕದವನ ತಟ್ಟೆಗೆ ಕೈ ಹಾಕ್ತಾನೆ, ಆದ್ರೆ ಆ ಜಾಗಕ್ಕೆ ಯಾರೂ ಸರಿಯಲ್ಲ. ಬೂದು ಮಸಿ ಹಾಗೇ ಕೂತಿರುತ್ತೆ.

ಇದ್ದಿಲಿನ ಬದ್ಲು ಆಲೆಮನೆ ಒಲೆ ಬೂದೀಲೇ ಬರೆಯೋಣ ಅಂತ ಒಂದು ಚೀಲ ತಂದಿದ್ದೆ. ಆಗ್ಲಿಲ್ಲ. ರಚ್ಚಿನ ಬೂದಿ ತೀರಾ ತೆಳು, ಹಾಳೆ ಹಿಡಿಯಲ್ಲ, ಊದಿದ್ರೆ ಹೋಗುತ್ತೆ. ಕೊನೆಗೆ ಶಿವರಾಂಪೇಟೆ ಹತ್ರದ ಅಂಗಡಿಯ ಮಾಮೂಲಿ ಇದ್ದಿಲು ಕಡ್ಡಿ, ಹಿಟ್ಟಿನ ಥರ ಮೆತ್ತಗಿರೋ ಪುಟ್ಟಿ ರಬ್ಬರು, ಹಳೇ ಹತ್ತಿ ಸೀರೆ ತುಂಡು.

ನಮ್ಮ ದೇಶದಲ್ಲಿ ಈ ದಾರಿ ಯಾರೂ ತುಳಿದಿಲ್ಲ ಅಂದ್ಕೋಬೇಡಿ. 1969ರಲ್ಲಿ ಮುಂಬೈಯಲ್ಲಿ ಚಿತ್ರಕಾರ ಅಕ್ಬರ್ ಪದಮ್‌ಸಿ ಅವರು ಕಲಾವಿದರು ಫಿಲ್ಮು, ಫೋಟೊಗ್ರಫಿ ಎಲ್ಲ ಪ್ರಯೋಗ ಮಾಡ್ಲಿ ಅಂತ ಒಂದು ವರ್ಕ್‌ಶಾಪ್ ಶುರು ಮಾಡಿದ್ರು, ಅಲ್ಲಿ ಆಗಿನ್ನೂ ಇಪ್ಪತ್ತು ದಾಟಿದ್ದ ಕಲಾವಿದೆ ನಳಿನಿ ಮಲಾನಿ ಕಟ್ಟಡದ ಮಾಡೆಲ್‌ಗಳನ್ನ ಇಟ್ಕೊಂಡು ಸ್ಟಾಪ್ ಮೋಷನ್, ಅಂದ್ರೆ ಒಂದೊಂದೇ ಫೋಟೊ ತೆಗೆದು ಜೋಡಿಸಿ ಓಡಿಸೋ ಫಿಲ್ಮು, ಮಾಡಿದ್ರು, ಬಣ್ಣಬಣ್ಣದ ಕನಸಿನ ಮನೆಗಳು, ಹೊಸ ದೇಶ ಕಟ್ಟೋ ಆಸೆ. ಏಳು ವರ್ಷ ಆದ್ಮೇಲೆ 1976ರಲ್ಲಿ ಅದೇ ಫಿಲ್ಮಿನ ಪಕ್ಕದಲ್ಲಿ ಇನ್ನೊಂದು ಫಿಲ್ಮ್ ಇಟ್ರು, ಒಬ್ಬಳು ಹೆಂಗಸು ಮೇಲಿಂದ ಮುಂಬೈಯ ಗುಡಿಸಲುಗಳ ಕಡೆ ನೋಡ್ತಿರೋದು. ಎರಡೂ ಒಟ್ಟಿಗೆ ಓಡುತ್ತೆ. ಕನಸು ಒಂದು ಕಡೆ, ಅದು ಏನಾಯ್ತು ಅನ್ನೋದು ಇನ್ನೊಂದು ಕಡೆ. ನಂಗೆ ಇದು ತುಂಬ ದೊಡ್ಡ ಪಾಠ, ನಿಮ್ಮ ಹಳೇ ಕೆಲಸದ ಪಕ್ಕಾನೇ ಪ್ರಶ್ನೆ ಇಡಬಹುದು. ಮಲಾನಿ 1946ರಲ್ಲಿ ಕರಾಚೀಲಿ ಹುಟ್ಟಿ ವಿಭಜನೆ ಆದಾಗ ಈ ಕಡೆ ಬಂದ ಕುಟುಂಬದವರು. ಎಪ್ಪತ್ತು ದಾಟಿದ ಮೇಲೆ ಐಪ್ಯಾಡ್ ಮೇಲೆ ಬೆರಳಲ್ಲೇ ಗೀಚಿ ಆನಿಮೇಷನ್ ಮಾಡೋಕೆ ಶುರು ಮಾಡಿದ್ರು. 2018ರಲ್ಲಿ ಜಮ್ಮುವಿನ ಕಠುವಾದ ಆ ಎಂಟು ವರ್ಷದ ಮಗೂನ ಅತ್ಯಾಚಾರ ಮಾಡಿ ಕೊಂದಿದ್ದು ಕೇಳಿ ಹುಟ್ಟಿದ ಸಿಟ್ಟು ಇದೆಯಲ್ಲ, ಅದರಿಂದ ಬೆಳೆದಿದ್ದು 2020ರಲ್ಲಿ ಲಂಡನ್ನಿನ ವೈಟ್‌ಚಾಪೆಲ್ ಗ್ಯಾಲರೀಲಿ ಗೋಡೆಗಳ ಮೇಲೆಲ್ಲ ಓಡಾಡ್ತು, 88 ಸಣ್ಣ ಆನಿಮೇಷನ್‌ಗಳು, ಒಂದರ ಮೇಲೊಂದು ಬಿದ್ದು, ಗೀಚಿ, ಅಳಿಸಿ, ಕಿರುಚಿ. ನಾನು ಲಂಡನ್ನಿಗೆ ಹೋಗಿಲ್ಲ, ಫೋನಲ್ಲಿ ಸಿಕ್ಕ ತುಣುಕು ನೋಡಿರೋದು. ಅಷ್ಟು ಸಣ್ಣ ಪರದೇಲೂ ಆ ಗೆರೆಗೆ ಕೈ ನಡುಗಿದ್ದು ಕಾಣುತ್ತೆ.

ಇನ್ನು ನಮ್ಮ ಕಡೆಗೆ ಬಂದ್ರೆ, ಗೆರೆ ಅಲ್ಲಾಡೋಕೆ ಯಾವ ಕಂಪ್ಯೂಟರಿಗೂ ನಾವು ಕಾದವರಲ್ಲ. ಮಾನಸಗಂಗೋತ್ರಿಯ ಜಯಲಕ್ಷ್ಮಿವಿಲಾಸದಲ್ಲಿರೋ ಜಾನಪದ ವಸ್ತುಸಂಗ್ರಹಾಲಯಕ್ಕೆ ನಾನು ವರ್ಷಕ್ಕೆ ಎರಡ್ಮೂರು ಸಲ ಆದ್ರೂ ಹೋಗ್ತೀನಿ, ತೊಗಲುಗೊಂಬೆ ನೋಡೋಕೆ. ಮೇಕೆ ಚರ್ಮ, ಜಿಂಕೆ ಚರ್ಮಾನ ಬೆಳಕು ಹಾಯೋಷ್ಟು ತೆಳುವಾಗಿ ಹದ ಮಾಡಿ, ಸಣ್ಣ ಸಣ್ಣ ತೂತು ಕೊರೆದು, ಬಣ್ಣ ಹಾಕಿ ಮಾಡಿರೋದು. ಹಿಂದೆ ದೀಪ ಇಟ್ರೆ ತೂತುಗಳೆಲ್ಲ ಒಡವೆ ಆಗ್ಬಿಡುತ್ತೆ. ಅಲ್ಲಿ ಅವು ಅಲ್ಲಾಡದೆ ನಿಂತಿರೋದು ನೋಡೋಕೆ ಸಂಕಟ ಆಗುತ್ತೆ, ಆದ್ರೆ ಆಕಾರ ಕಲಿಯೋಕೆ ಅದಕ್ಕಿಂತ ಒಳ್ಳೇ ಮೇಷ್ಟ್ರಿಲ್ಲ. ರಾಮಾಯಣ ಮಹಾಭಾರತ ನಡೀತಿರುತ್ತೆ, ಮಧ್ಯದಲ್ಲಿ ಕಿಳ್ಳೇಕ್ಯಾತ ಅನ್ನೋ ನಗಿಸೋ ಗೊಂಬೆ ಬರ್ತಾನೆ, ಜೊತೆಗೆ ಬಂಗಾರಕ್ಕ. ದೊಡ್ಡ ಹೊಟ್ಟೆ, ಕೆದರಿದ ಕೂದ್ಲು, ಬಾಯಿಗೆ ಬಂದಿದ್ದು ಮಾತು. ರಾಜರ ಕಥೆ ಮಧ್ಯೆ ನುಗ್ಗಿ ಊರ ಗೌಡನ್ನ, ಶಾನುಭೋಗನ್ನ, ಜಿಪುಣನ್ನ ಎಲ್ಲರನ್ನೂ ಹಿಡಿದು ಎಳೀತಾರೆ. ದೊಡ್ಡಮ್ಮ ಹೇಳ್ತಿರ್ತಾಳೆ, ಮಳೆ ಬರದೇ ಇದ್ದಾಗ ಆಟ ಆಡಿಸ್ತಿದ್ರು, ರಾತ್ರಿ ಪೂರ್ತಿ, ಬೆಳಗಿನ ಜಾವದ ತನಕ ಯಾರೂ ಏಳ್ತಿರ್ಲಿಲ್ಲ ಅಂತ. ಎದುರಿಗೆ ನಿಂತು ಹೇಳೋಕಾಗದ ಮಾತನ್ನ ಪರದೆ ಹಿಂದಿನ ತೊಗಲಿಂದ ಹೇಳಿಸೋದು ಈ ನೆಲಕ್ಕೆ ಗೊತ್ತಿತ್ತು. 2025ರಲ್ಲಿ ಕೊಪ್ಪಳ ಜಿಲ್ಲೆಯ ತೊಗಲುಗೊಂಬೆ ಕಲಾವಿದೆ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ ಪದ್ಮಶ್ರೀ ಬಂತು, ತೊಂಬತ್ತು ದಾಟಿದ ಆ ಅಜ್ಜಿ ಫೋಟೊ ಪೇಪರಲ್ಲಿ ನೋಡಿ ನಾನು ಕತ್ತರಿಸಿ ಗೋಡೆಗೆ ಅಂಟಿಸ್ಕೊಂಡೆ. ಸಮಕಾಲೀನ ಕಲೆ ಅಂತ ನಾವು ಏನೇನೋ ಹೇಳ್ತೀವಿ, ಆ ಕೈಗಳ ಕಡೆ ನೋಡಿದ್ರೆ ಮಾತು ಕಮ್ಮಿ ಆಗುತ್ತೆ.

ಕೈ ಅಂದಾಗ ಇನ್ನೊಂದು ಹೇಳ್ಲೇಬೇಕು. ಝೆಕ್ ದೇಶದ ಯಿರ್ಜಿ ತ್ರ್ನ್ಕಾ ಅನ್ನೋ ಬೊಂಬೆ ಆನಿಮೇಷನ್ ಕಲಾವಿದ 1965ರಲ್ಲಿ ಮಾಡಿದ ಕೊನೇ ಫಿಲ್ಮಿನ ಹೆಸರೇ ಕೈ. ಒಬ್ಬ ಪುಟ್ಟ ಕುಂಬಾರ ಬೊಂಬೆ, ತನ್ನ ಹೂವಿನ ಗಿಡಕ್ಕೆ ಕುಂಡ ಮಾಡ್ಕೊಂಡು ಸುಖವಾಗಿರ್ತಾನೆ. ಒಂದು ದೊಡ್ಡ ಕೈ, ನಿಜವಾದ ಮನುಷ್ಯನ ಕೈ, ಗ್ಲೌಸ್ ಹಾಕ್ಕೊಂಡಿರೋದು, ಬಂದು ಕುಂಡ ಬೇಡ, ನನ್ನ ಮೂರ್ತಿ ಮಾಡು ಅನ್ನುತ್ತೆ. ಕೊಡೋ ಕೈ, ಹೊಡೆಯೋ ಕೈ, ಕುಣಿಸೋ ಕೈ, ಎಲ್ಲ ಅದೇ. ತ್ರ್ನ್ಕಾ 1969ರಲ್ಲಿ ತೀರಿಕೊಂಡ್ರು, ಅದಾದ ಮೇಲೆ ಸರ್ಕಾರ ಆ ಫಿಲ್ಮ್ ಪ್ರಿಂಟುಗಳನ್ನೇ ವಶಕ್ಕೆ ತಗೊಂಡು ಸುಮಾರು ಇಪ್ಪತ್ತು ವರ್ಷ ಯಾರಿಗೂ ತೋರಿಸದ ಹಾಗೆ ಮಾಡ್ತು. ಮಕ್ಕಳ ಮನರಂಜನೆ ಆಗಿದ್ರೆ ಒಂದು ಸರ್ಕಾರ ಯಾಕೆ ಹೆದರ್ಬೇಕಿತ್ತು ಅಂತ ನಮ್ಮ ಮೇಷ್ಟ್ರನ್ನ ಕೇಳೋಕೆ ನಂಗೆ ಈಗ್ಲೂ ಆಸೆ ಇದೆ.

ಮೆಕೇ ವಿಷಯದಲ್ಲಿ ಮುಂದೆ ಬರ್ತೀನಿ ಅಂದಿದ್ನಲ್ಲ. ಆನಿಮೇಷನ್ ಅಂದ ಮಾತ್ರಕ್ಕೆ ಅದು ಪ್ರಶ್ನೆ ಕೇಳುತ್ತೆ ಅಂತೇನಿಲ್ಲ, ದ್ವೇಷ ಹಂಚೋಕೂ ಅದು ಅಷ್ಟೇ ಸಲೀಸು. 2024ರ ಲೋಕಸಭಾ ಚುನಾವಣೆ ಹೊತ್ತಲ್ಲಿ ನಮ್ಮ ರಾಜ್ಯದಲ್ಲೇ ಒಂದು ಪಕ್ಷದ ಆನಿಮೇಷನ್ ವಿಡಿಯೊನ ತೆಗೀರಿ ಅಂತ ಚುನಾವಣಾ ಆಯೋಗ ಎಕ್ಸ್‌ಗೆ, ಅಂದ್ರೆ ಹಳೇ ಟ್ವಿಟರ್‌ಗೆ, ಹೇಳಬೇಕಾಯ್ತು. ಹಕ್ಕಿ ಮರಿ, ಗೂಡು, ಮುದ್ದಾದ ಗೆರೆ. ಮುದ್ದು ಅನ್ನೋದೇ ಅದರ ಬಲ, ನೋಡೋರು ಎಚ್ಚರ ತಪ್ತಾರೆ. ಹಾಗಾದ್ರೆ ವ್ಯತ್ಯಾಸ ಎಲ್ಲಿದೆ ಅಂತ ನಾನು ತುಂಬ ದಿನ ಒದ್ದಾಡಿದೀನಿ. ನಂಗೆ ಅನ್ಸಿದ್ದು ಇಷ್ಟು. ಆ ಥರ ವಿಡಿಯೊದಲ್ಲಿ ಎಲ್ಲ ನುಣುಪಾಗಿರುತ್ತೆ, ಯಾವ ಗೆರೆನೂ ಹಿಂದುಮುಂದು ನೋಡಿರಲ್ಲ, ಮಾಡಿದವರಿಗೆ ಉತ್ತರ ಮೊದಲೇ ಗೊತ್ತಿರುತ್ತೆ. ಕೆಂಟ್ರಿಜ್, ಮಲಾನಿ ಅವರದ್ದು ನೋಡಿ, ಮನಸ್ಸು ಬದಲಾಯಿಸಿದ್ದು, ತಪ್ಪಿದ್ದು, ವಾಪಸ್ ಬಂದಿದ್ದು ಎಲ್ಲ ಮೇಲೇ ಕಾಣುತ್ತೆ. ಈಗ ಎಐ ಬಂದಿದೆ, ಪ್ರೆಸ್ಸಲ್ಲಿ ನಾನೂ ಬಳಸ್ತೀನಿ, ಗಿರಾಕಿಗೆ ಅರ್ಧ ಗಂಟೇಲಿ ಬೇಕು ಅಂದ್ರೆ ಬೇರೆ ದಾರಿ ಇಲ್ಲ. ಒಂದಿನ ಆಲೆಮನೆ, ಹಬೆ, ಇದ್ದಿಲು ಚಿತ್ರದ ಶೈಲಿ ಅಂತ ಟೈಪ್ ಮಾಡಿ ನೋಡ್ದೆ. ಹಬೆ ಬಂತು, ಚೆನ್ನಾಗೂ ಇತ್ತು, ಮಸಿ ಕೂಡ ಹಾಕಿತ್ತು. ಆದ್ರೆ ಆ ಮಸಿ ಯಾವುದನ್ನೂ ಒರೆಸಿ ಆಗಿದ್ದಲ್ಲ. ಅಲ್ಲಿ ಮುಂಚೆ ಏನೂ ಇರ್ಲೇ ಇಲ್ಲ. ನಂಗೆ ಬೇಕಾಗಿರೋದು ಅಲ್ಲಿ ಇದ್ದಿದ್ದು, ಅದನ್ನ ತೆಗೆದಿದ್ದು, ತೆಗೆದವರ ಕೈ ನಂದೇ ಆಗಿದ್ದು. ಮೂರನೇ ಮಗೂನ ಒರೆಸೋವಾಗ, ಬೇಕಿದ್ರೆ ನಂಬಿ, 22 ಫ್ರೇಮ್ ಬೇಕಾಯ್ತು, ಎರಡು ರಾತ್ರಿ. ಮೊದಲು ತಟ್ಟೆ ಮುಂದಿನ ಕೈ, ಆಮೇಲೆ ಜಡೆ, ಕೊನೆಗೆ ಮೂಗಿನ ಹತ್ರ. ನಾನೇ ಬರೆದ ಮಗು ಅದು. ಕೈ ಮುಂದಕ್ಕೆ ಹೋಗ್ತಿರ್ಲಿಲ್ಲ.

ಹೋದ ವಾರ ಒಂದು ಎಡವಟ್ಟಾಯ್ತು. ಹಳೇ ಪುಟ್ಟಿ ರಬ್ಬರು ಕಪ್ಪಾಗಿ ಜಿಡ್ಡಾಗಿತ್ತು ಅಂತ ಹೊಸದು ತಂದಿದ್ದೆ, ಪಕ್ಕದ ಮಗುವಿನ ಮೊಣಕೈ ಒರೆಸೋಕೆ ಹೋಗಿ ಆ ಖಾಲಿ ಜಾಗದ ಮೇಲೂ ಒತ್ತಿಬಿಟ್ಟೆ, ಮಸಿ ಪೂರ್ತಿ ಎದ್ದು ಬಂತು, ಹಾಳೆ ಬೆಳ್ಳಗಾಯ್ತು. ನಿದ್ದೆಗಣ್ಣಲ್ಲಿ ಗೊತ್ತಾಗ್ಲಿಲ್ಲ, ಮೂರು ಫ್ರೇಮ್ ತೆಗೆದಿದ್ದೆ. ಗೊತ್ತಾದ ತಕ್ಷಣ ಇದ್ದಿಲು ಪುಡಿ ಬಟ್ಟೇಲಿ ಅದ್ದಿ ಮತ್ತೆ ಮಸಿ ಬಳಿದು ಮುಂದುವರಿಸಿದೆ, ಅಳು ಬರೋ ಹಾಗಿತ್ತು. ಬೆಳಿಗ್ಗೆ ಎದ್ದು ಪ್ಲೇ ಮಾಡಿದ್ರೆ, ಕಾಲು ಸೆಕೆಂಡು, ಆ ಬೂದು ಸಾಲಿನ ಮಧ್ಯೆ ಒಂದು ಬಿಳಿ ಆಕಾರ ಫಳ್ ಅಂತ ಬಂದು ಹೋಗುತ್ತೆ. ಯಾರೋ ಒಂದು ಕ್ಷಣ ಬಂದು ಕೂತು ಎದ್ದು ಹೋದ ಹಾಗೆ. ಫ್ರೆಂಡ್ ಒಬ್ಳು ಅದನ್ನ ಡಿಲೀಟ್ ಮಾಡು, ಫ್ಲಿಕರ್ ಥರ ಕಾಣುತ್ತೆ ಅಂದ್ಲು. ಎರಡು ದಿನ ಯೋಚ್ನೆ ಮಾಡಿ ಇಟ್ಕೊಂಡಿದೀನಿ. ತೆಗೆಯಲ್ಲ.

ಭಾನುವಾರ ಊರಿಗೆ ಹೋದಾಗ ಆಗಿರೋಷ್ಟನ್ನ ದೊಡ್ಡಮ್ಮನಿಗೆ ಫೋನಲ್ಲಿ ತೋರಿಸಿದೆ. ಆಲೆಮನೆ ಅಂತ ಮೊದಲನೇ ಫ್ರೇಮಿಗೇ ಹೇಳಿದ್ಲು, ಕೊಪ್ಪರಿಗೆ ಅಂಚು ಒಸಿ ದಪ್ಪ ಇರ್ಬೇಕು ಕಣವ್ವ ಅಂತ ತಿದ್ದಿದ್ಲು ಕೂಡ. ಚಪ್ಪಲಿ ಬಂದಾಗ ಸುಮ್ನಾದ್ಲು. ಮಕ್ಕಳ ಸಾಲು ಬಂತು, ಮೂರನೇದು ಅಳಿಸಿಹೋಯ್ತು. ಫೋನ್ ಕಣ್ಣ ಹತ್ರ ತಗೊಂಡು, ಬೆರಳಲ್ಲಿ ಗಾಜಿನ ಮೇಲೆ ಉಜ್ಜಿದ್ಲು. ಅಲ್ಲೊಂದು ಕಲೆ ವುಳ್ಕಂಡದಲ್ಲವ್ವ, ಒರೆಸಕ್ಕಾಗ್ಲಿಲ್ವಾ ಅಂದ್ಲು. ನಾನು ಇಲ್ಲ ದೊಡ್ಡಮ್ಮ, ಅದು ಹೋಗಲ್ಲ ಅಂದೆ. ವೋಗದು ಬ್ಯಾಡ ಬುಡು ಅಂದ್ಲು. ಫೋನ್ ವಾಪಸ್ ಕೊಡ್ಲಿಲ್ಲ, ಇನ್ನೊಂದ್ಸಲ ಹಾಕು ಅಂದ್ಲು, ನಾಲ್ಕು ಸಲ ನೋಡಿದ್ಲು. ಆಮೇಲೆ ಒಳಗೆ ಹೋಗಿ ಕಾಫಿ ಇಟ್ಲು, ಆ ವಿಷಯ ಮತ್ತೆ ಎತ್ತಲೇ ಇಲ್ಲ. ನನಗಿಂತ ಎರಡು ವರ್ಷ ದೊಡ್ಡವಳು ನಮ್ಮಕ್ಕ. ಅವಳಾದ್ಮೇಲೆ ನಾನು ಹುಟ್ಟೋ ಹೊತ್ತಿಗೆ ಆ ಮನೇಲಿ ಏನೇನು ಮಾತು ನಡೆದಿತ್ತು ಅಂತ ನಂಗೆ ಯಾರೂ ಹೇಳಿಲ್ಲ, ಅವತ್ತು ಅಡುಗೆಮನೆ ಬಾಗಿಲಲ್ಲಿ ನಿಂತು ದೊಡ್ಡಮ್ಮನ ಬೆನ್ನು ನೋಡ್ತಾ ನಾನೂ ಕೇಳ್ಲಿಲ್ಲ.

ಇನ್ನು 70 ಫ್ರೇಮ್ ಬಾಕಿ. ಹಾಳೆ ಆ ಜಾಗದಲ್ಲಿ ಎಳೆ ಎದ್ದಿದೆ, ಒತ್ತಿ ಒತ್ತಿ ಬಟ್ಟೆ ಥರ ಆಗಿದೆ, ತಡ್ಕೊಳುತ್ತೆ ಅನ್ಸುತ್ತೆ. ಮ್ಯೂಸಿಕ್ ಬೇಡ ಅಂತ ತೀರ್ಮಾನ ಮಾಡಿದೀನಿ, ವಯೊಲಿನ್ ಹಾಕಿದ್ರೆ ನೋಡೋರಿಗೆ ಎಲ್ಲಿ ಅಳಬೇಕು ಅಂತ ಹೇಳಿಕೊಟ್ಟ ಹಾಗಾಗುತ್ತೆ. ಗಾಣದ ಸದ್ದು ಬೇಕು, ಸೌಟು ಕೊಪ್ಪರಿಗೆ ಅಂಚಿಗೆ ತಾಗೋ ಸದ್ದು ಬೇಕು, ಅಷ್ಟೆ. ದೊಡ್ಡಪ್ಪನ ಆಲೆಮನೆ ಮುಚ್ಚಿ ವರ್ಷಗಳಾಯ್ತು, ಅದಕ್ಕೆ ಆ ಕಡೆಯ ಇನ್ನೊಬ್ಬ ಆಲೆಮನೆಯವರನ್ನ ಕೇಳಿದೆ. ಯಾವ ಟಿವಿಯವರಮ್ಮ ನೀವು ಅಂದ್ರು. ಆ ಕೇಸ್ ಆದ್ಮೇಲೆ ಕ್ಯಾಮೆರಾ ಕಂಡ್ರೆ ಅವರಿಗೆ ಆಗಲ್ಲ, ಯಾವನೋ ಮಾಡಿದ್ದಕ್ಕೆ ಬೆಲ್ಲ ಬೇಯಿಸೋರೆಲ್ಲ ತಲೆ ತಗ್ಗಿಸೋ ಹಾಗಾಯ್ತಲ್ಲ ಅನ್ನೋ ನೋವು ಅವರ ಮಾತಲ್ಲಿತ್ತು. ಟಿವಿ ಅಲ್ಲ, ನಾನು ಚಿತ್ರ ಬರೆಯೋಳು, ಇಂಥವರ ತಮ್ಮನ ಮಗಳು ಅಂದ್ಮೇಲೆ ಸ್ವಲ್ಪ ಹೊತ್ತು ಸುಮ್ನಿದ್ದು, ಫೋಟೊ ವೀಡಿಯೊ ಬ್ಯಾಡ, ಸದ್ದು ಬೇಕಾದ್ರೆ ತಗೊಂಡೋಗು ಅಂದ್ರು. ಈ ಭಾನುವಾರ ಬೆಳಿಗ್ಗೆ ಮೊದಲನೇ ಬಸ್ಸಿಗೇ ಹೊರಡ್ತೀನಿ, ಹಾಲು ಕುದಿಯೋಕೆ ಶುರುವಾಗೋ ಮುಂಚೆ ಅಲ್ಲಿರ್ಬೇಕು.